ಕೆರೆಗೂ ಕರೆಗೂ ಒಂದೇ ದುರ್ಬೀನು: ಕರಾವಳಿಗೆ ಹೊಂದುವುದು ಯಾವುದು?

ದುರ್ಬೀನಿನ ಮೈಮೇಲೆ ಎರಡು ಅಂಕಿ ಇರುತ್ತವೆ. ಅಂಗಡಿಯಲ್ಲಿ ಮಾತು ನಡೆಯುವುದೆಲ್ಲ ಮೊದಲನೆಯದರ ಮೇಲೆ: ಇದು ಎಂಟು ಪಟ್ಟು, ಅದು ಹತ್ತು ಪಟ್ಟು, ಸ್ವಲ್ಪ ಹೆಚ್ಚು ಕೊಟ್ಟರೆ ಇಪ್ಪತ್ತು ಪಟ್ಟು. ಬೆಳಿಗ್ಗೆ ಮಣಿಪಾಲದ ಮಣ್ಣಪಳ್ಳದ ದಂಡೆಯಲ್ಲಿ ಹಕ್ಕಿ ನೋಡಿ, ರಾತ್ರಿ ಕಂಬಳದ ಕರೆ (ಕೋಣಗಳು ಓಡುವ ಕೆಸರಿನ ಓಟದ ಹಾದಿ) ಬದಿಯಲ್ಲಿ ನಿಲ್ಲುವವರು ಕೇಳಬೇಕಾದ್ದು ಬೇರೆ ಎರಡು ಪ್ರಶ್ನೆ. ಎಷ್ಟು ಅಗಲ ಕಾಣುತ್ತದೆ? ಒಳಗೆ ತೇವ ಹೋಗುತ್ತದೆಯೇ? ಇವೆರಡಕ್ಕೂ ಸರಿಯಾದ ಉತ್ತರ ಇರುವ 8×42 ಒಂದು ಕೈಯಲ್ಲಿದ್ದರೆ ಮಂಗಳೂರು, ಉಡುಪಿಯ ಮುಕ್ಕಾಲು ಪಾಲು ಕೆಲಸ ಅದರಲ್ಲೇ ಮುಗಿಯುತ್ತದೆ.

8 ಅಂದರೆ ಎಷ್ಟು ಪಟ್ಟು ಹತ್ತಿರ ಎಂಬುದು; 42 ಅಂದರೆ ಮುಂದಿನ ಗಾಜಿನ ವ್ಯಾಸ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿನತ್ತ ಬರುವ ಬೆಳಕಿನ ಬಿಲ್ಲೆಯ ಅಳತೆ ಸಿಗುತ್ತದೆ. 8×42ಕ್ಕೆ 5.25 ಮಿ.ಮೀ., 10×42ಕ್ಕೆ 4.2, ಜೇಬಿಗೆ ಹೋಗುವ 10×25ಕ್ಕೆ ಬರೀ 2.5. ಹಗಲು ಹೊತ್ತು ನಮ್ಮ ಕಣ್ಣಿನ ಪಾಪೆ 2-3 ಮಿ.ಮೀ. ಮಾತ್ರ ತೆರೆದಿರುತ್ತದೆ, ಆಗ ಎಲ್ಲವೂ ಒಂದೇ ಥರ ಬೆಳ್ಳಗೆ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಬೆಳಿಗ್ಗೆ ಆರೂವರೆಗೆ, ಹೆಬ್ರಿಯಿಂದ ಆಗುಂಬೆಗೆ ಹೋಗುವ ದಾರಿಯ ಮರಗಳಡಿ ನಿಂತಾಗ. ಕಾಕರಣೆ ಹಕ್ಕಿ ಎದುರಿಗೇ ಕುಳಿತಿದ್ದರೂ ಸಣ್ಣ ಗಾಜಿನಲ್ಲಿ ಅದರ ಕೆಂಪು ಹೊಟ್ಟೆ ಕಂದಾಗಿ ಕಾಣುತ್ತದೆ. ಹಾಗೆಂದು 7×50 ಕೊಳ್ಳಬೇಕಿಲ್ಲ. ಅದರ ಬಿಲ್ಲೆ 7 ಮಿ.ಮೀ. ದಾಟುತ್ತದೆ, ಐವತ್ತು ವರ್ಷ ಕಳೆದವರ ಪಾಪೆ ಕತ್ತಲಲ್ಲೂ ಸಾಮಾನ್ಯವಾಗಿ ಅಷ್ಟು ಅರಳುವುದಿಲ್ಲ. ಉಳಿದ ಬೆಳಕು ಪಾಪೆಯ ಹೊರಗೆ ಬಿದ್ದು ವ್ಯರ್ಥ, ಭಾರ ಮಾತ್ರ ಕುತ್ತಿಗೆಗೆ.

ಅಗಲದ ಲೆಕ್ಕವನ್ನು ಕಂಬಳದಲ್ಲೇ ಹಾಕೋಣ. 2020ರ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು, ಅಂದರೆ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್. ದುರ್ಬೀನಿನ ಪೆಟ್ಟಿಗೆಯ ಮೇಲೆ ‘1000 ಮೀಟರ್ ದೂರದಲ್ಲಿ 126 ಮೀಟರ್’ ಎಂದು ಬರೆದಿದ್ದರೆ 50 ಮೀಟರ್ ದೂರದಲ್ಲಿ ಕಾಣುವ ಅಗಲ 6.3 ಮೀಟರ್. ಕೋಣಗಳ ಮೂತಿಯಿಂದ ಓಡಿಸುವವನ ಹಿಮ್ಮಡಿಯವರೆಗೇ ನಾಲ್ಕೈದು ಮೀಟರ್ ಆಗುತ್ತದೆ. ಕರೆಯ ನಡುಭಾಗದಲ್ಲಿ, ಪಕ್ಕದಲ್ಲಿ ನಿಂತು ದುರ್ಬೀನು ಹಿಡಿದವನಿಗೆ ಮುಕ್ಕಾಲು ಸೆಕೆಂಡು ಕೂಡ ದಕ್ಕುವುದಿಲ್ಲ. ಕಾಣುವುದು ಒಂದು ಕಪ್ಪು ಮಿಂಚು, ಒಂದು ಕೆಸರ ಗೋಡೆ. ಅಲ್ಲಿ ಬರಿಗಣ್ಣೇ ಮೇಲು.

ದುರ್ಬೀನಿಗೆ ಜಾಗ ಓಟ ಮುಗಿಯುವ ಮಂಜೊಟ್ಟಿಯ ಕಡೆ. ಅಲ್ಲಿಂದ ಓಟ ಶುರುವಾಗುವ ಗಂತಿನತ್ತ ನೋಡಿದರೆ 140 ಮೀಟರ್ ದೂರದಲ್ಲಿ ಹದಿನೇಳು ಮೀಟರಿಗೂ ಮೀರಿ ಅಗಲ ಸಿಗುತ್ತದೆ. ಜೋಡುಕರೆಯ, ಅಂದರೆ ಅಕ್ಕಪಕ್ಕದ ಎರಡು ಕರೆಗಳ, ಎರಡೂ ಜತೆ ಕೋಣಗಳು ಒಂದೇ ನೋಟದಲ್ಲಿ ಬರುತ್ತವೆ. ಕೋಣಗಳನ್ನು ಸರಿ ನಿಲ್ಲಿಸುವುದು, ಬಿಡುವ ಕ್ಷಣ, ಮೊದಲ ಹೆಜ್ಜೆಯಲ್ಲೇ ಯಾರು ಹಿಂದೆ ಬಿದ್ದರು ಎಂಬುದು ಸ್ಪಷ್ಟವಾಗುತ್ತದೆ. ಓಟ ನಿಮ್ಮತ್ತಲೇ ಬರುವುದರಿಂದ ದುರ್ಬೀನನ್ನು ಅಡ್ಡಕ್ಕೆ ತಿರುಗಿಸುವ ಕೆಲಸವಿಲ್ಲ. ಕೊನೆಯ 40 ಮೀಟರಿಗೆ ಮಾತ್ರ ಕಣ್ಣಿಂದ ಇಳಿಸಿಬಿಡಿ. ಹಲಗೆಯ ಮೇಲೆ ನಿಂತು ಕೋಣ ಓಡಿಸುತ್ತ ನೀರನ್ನು ಎತ್ತರಕ್ಕೆ ಚಿಮ್ಮಿಸುವ ಕನೆಹಲಗೆಗೆ ಉಪಾಯ ಬೇರೆ: ಆರೂವರೆ ಕೋಲು, ಏಳೂವರೆ ಕೋಲು (ಕೋಲು ಎತ್ತರದ ಅಳತೆ) ಎತ್ತರದ ನಿಶಾನಿ ಬಟ್ಟೆ ಕಟ್ಟಿರುವ ಜಾಗಕ್ಕೆ ಮೊದಲೇ ಫೋಕಸ್ ಮಾಡಿಟ್ಟು ಚಕ್ರ ಮುಟ್ಟದೆ ಕಾಯಬೇಕು. ನೀರು ಬಟ್ಟೆಗೆ ತಾಗಿತೋ ಇಲ್ಲವೋ ಎಂಬ ಚರ್ಚೆಯಲ್ಲಿ ಬಾಯಿ ಹಾಕುವ ಅಧಿಕಾರ ಆಗ ಬರುತ್ತದೆ.

ಹೊನಲು ಬೆಳಕಿನಲ್ಲಿ 10×42 ಮಂಕಾಗುತ್ತದೆ ಎಂಬ ಮಾತು ಅರ್ಧ ಸತ್ಯ. ಕರೆಯ ಮೇಲಿನ ದೀಪಗಳಿಗೆ 4.2 ಮಿ.ಮೀ. ಬಿಲ್ಲೆ ಸಾಕಾಗುತ್ತದೆ. ತೊಂದರೆ ಕೊಡುವುದು ಕೈ ನಡುಕ. ಹತ್ತು ಪಟ್ಟು ದೊಡ್ಡದು ಮಾಡುವಾಗ ನಡುಕವೂ ಹತ್ತು ಪಟ್ಟು. ರಾತ್ರಿ ಎರಡು ಗಂಟೆಗೆ, ನಿಂತು ನಿಂತು ಸುಸ್ತಾದ ಕೈಗೆ ಇದು ಚೆನ್ನಾಗಿ ಗೊತ್ತಾಗುತ್ತದೆ.

ಮೈದಾನದ ಆಟಗಳಿಗೂ ಇದೇ ಅಳತೆಗೋಲು. ಮಂಗಳಾ ಕ್ರೀಡಾಂಗಣದಲ್ಲೋ ಅಜ್ಜರಕಾಡಿನಲ್ಲೋ 100 ಮೀಟರ್ ಓಟವನ್ನು ಗುರಿಯ ಹಿಂದಿನಿಂದ ನೋಡುತ್ತೀರಿ ಎಂದುಕೊಳ್ಳಿ. ಲೇನ್ ಒಂದಕ್ಕೆ 1.22 ಮೀಟರಿನಂತೆ ಎಂಟು ಲೇನ್ ಸೇರಿ 9.76 ಮೀಟರ್. ನಿಕಾನ್ ಮೊನಾರ್ಕ್ ಎಂ5ರ 10×42 ಮಾದರಿ 100 ಮೀಟರಿನಲ್ಲಿ ತೋರಿಸುವುದು 9.8 ಮೀಟರ್. ಓಟಗಾರರು ಅಂಚಿನಿಂದ ಅಂಚಿಗೆ ತುಂಬಿಕೊಳ್ಳುತ್ತಾರೆ, ಕೈ ಒಂದು ಕೂದಲೆಳೆ ಸರಿದರೂ ಎಂಟನೇ ಲೇನಿನವನು ಮಾಯ. ಅದೇ ಸಾಲಿನ 8×42ರಲ್ಲಿ 11.2 ಮೀಟರ್ ಸಿಗುತ್ತದೆ. ಕ್ರಿಕೆಟಿನಲ್ಲಿ ಬೌಂಡರಿ ಆಚೆ 80 ಮೀಟರ್ ದೂರದಿಂದ ಅಡ್ಡಕ್ಕೆ ನೋಡಿದರೆ 20.12 ಮೀಟರ್ ಪಿಚ್ಚಿನ ಸುಮಾರು ಅರ್ಧವಷ್ಟೇ ಎಂಟು ಪಟ್ಟಿನ ದುರ್ಬೀನಿಗೆ ಹಿಡಿಸುವುದು. ಬೌಲರ್ ಅಥವಾ ಬ್ಯಾಟರ್, ಒಬ್ಬರನ್ನು ಆರಿಸಿಕೊಳ್ಳಿ. ನೆಹರೂ ಮೈದಾನದ ಫುಟ್‌ಬಾಲಿಗೆ ಹೆಚ್ಚಿನ ಹೊತ್ತು ಅದು ಕುತ್ತಿಗೆಯಲ್ಲೇ ನೇತಾಡಲಿ, ಕಾರ್ನರ್ ಕಿಕ್ಕಿಗೆ ಮಾತ್ರ ಎತ್ತಿ. ಕಬಡ್ಡಿಗೆ, ವಾಲಿಬಾಲಿಗೆ ಬೇಡವೇ ಬೇಡ. ಸಸಿಹಿತ್ಲಿನಲ್ಲಿ ಸರ್ಫಿಂಗ್ ನೋಡಲು ಮಾತ್ರ ಹತ್ತು ಪಟ್ಟು ಆಗಬಹುದು: ದೂರ ಹೆಚ್ಚು, ಅಡ್ಡ ಬರುವ ಮರ, ಜನ ಯಾವುದೂ ಇಲ್ಲ, ಮರಳಲ್ಲಿ ಕುಳಿತು ಮೊಣಕಾಲಿನ ಮೇಲೆ ಮೊಣಕೈ ಊರಬಹುದು.

ಈಗ ಸರಕಿನ ವಿಚಾರ. ನಿಕಾನಿನ ನಾಲ್ಕು 8×42ಗಳನ್ನು ಪಕ್ಕಪಕ್ಕ ಇಟ್ಟರೆ ಆಯ್ಕೆಯ ಎಲ್ಲ ಸಮಸ್ಯೆಗಳೂ ಅವುಗಳಲ್ಲೇ ಕಾಣುತ್ತವೆ. ಬೆಲೆ ತಿಂಗಳಿಗೊಮ್ಮೆ ಏರಿಳಿಯುತ್ತದೆ, ಆದರೆ ಅಗ್ಗದಿಂದ ದುಬಾರಿಗೆ ಹೋಗುವ ಸಾಲು ಹೀಗೇ: ಅಕ್ಯುಲಾನ್ ಎ211, ಪ್ರೊಸ್ಟಾಫ್ ಪಿ3, ಮೊನಾರ್ಕ್ ಎಂ5, ಮೊನಾರ್ಕ್ ಎಂ7.

ಅಕ್ಯುಲಾನ್ ಹಳೇ ಕಾಲದ ಆಕಾರದ್ದು, ಮುಂದಿನ ಕೊಳವೆಗಳು ಅಗಲಕ್ಕೆ ಚಾಚಿಕೊಂಡ ಪೋರೊ ಪ್ರಿಸಮ್ (ಬೆಳಕನ್ನು ತಿರುಗಿಸುವ ಒಳಗಿನ ಗಾಜು) ಮಾದರಿ. 1000 ಮೀಟರಿಗೆ 140 ಮೀಟರ್ ಅಗಲ. ಕೊಟ್ಟ ದುಡ್ಡಿಗೆ ಇಷ್ಟು ಒಳ್ಳೆಯ ನೋಟ ಬೇರೆಡೆ ಸಿಗುವುದು ಕಷ್ಟ. ಹಗಲಿನ ಆಟಕ್ಕೆ ಬೊಂಬಾಟ್. ಆದರೆ ತೂಕ 755 ಗ್ರಾಂ, ಕನ್ನಡಕದವರಿಗೆ ಆಗಿಬರುವುದಿಲ್ಲ (ಕಾರಣ ಮುಂದೆ ಇದೆ), 5 ಮೀಟರಿಗಿಂತ ಹತ್ತಿರದ್ದು ಫೋಕಸ್ ಆಗದು. ಎಲ್ಲಕ್ಕಿಂತ ಮುಖ್ಯವಾಗಿ ಇದು ನೀರು ತಡೆಯುವ ಮಾದರಿ ಅಲ್ಲ. ಬಳ್ಳಾರಿಯಲ್ಲಿದ್ದರೆ ಇದನ್ನೇ ಕೊಳ್ಳಿ ಎನ್ನಬಹುದಿತ್ತು. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಊರಿನಲ್ಲಿ ಇದನ್ನು ಕೊಂಡವರು ಡಬ್ಬ, ಸಿಲಿಕಾ ಜೆಲ್ ಎಂದು ಅದರ ಸೇವೆ ಮಾಡಿಕೊಂಡೇ ಇರಬೇಕು.

ಪ್ರೊಸ್ಟಾಫ್ ಪಿ3 ನೇರ ಕೊಳವೆಯ ರೂಫ್ ಪ್ರಿಸಮ್, 565 ಗ್ರಾಂ, 126 ಮೀಟರ್ ಅಗಲ. ಒಳಗೆ ಸಾರಜನಕ ತುಂಬಿ ಮುಚ್ಚಿರುವುದರಿಂದ ಒಳಗಡೆ ಮಂಜು ಕಟ್ಟುವುದಿಲ್ಲ. ಕರಾವಳಿಯಲ್ಲಿ ಮೊದಲ ದುರ್ಬೀನು ಕೊಳ್ಳುವವರಿಗೆ ನಮ್ಮ ಮತ ಇದಕ್ಕೇ. ಕೊರತೆ ಇಲ್ಲದಿಲ್ಲ: ಬಿಳಿ ಆಕಾಶದೆದುರು ತೆಂಗಿನ ಗರಿಯ ಮೇಲೆ ಕುಳಿತ ಕಾಗೆಯನ್ನು ನೋಡಿದರೆ ಅಂಚಿನಲ್ಲಿ ತೆಳುವಾಗಿ ನೇರಳೆ ಗೆರೆ ಕಾಣುತ್ತದೆ, ನೋಟದ ಹೊರ ಅಂಚು ಸ್ವಲ್ಪ ಮೆತ್ತಗಾಗುತ್ತದೆ. 3 ಮೀಟರಿಗಿಂತ ಹತ್ತಿರಕ್ಕೆ ಬರುವುದಿಲ್ಲ.

ಮೊನಾರ್ಕ್ ಎಂ5ರಲ್ಲಿ ‘ಇಡಿ’ (ED) ಗಾಜು, ಅಂದರೆ ಬಣ್ಣಗಳನ್ನು ಕಡಿಮೆ ಚದುರಿಸುವ ಗಾಜು ಇದೆ, ಆ ನೇರಳೆ ಗೆರೆ ಬಹಳ ಮಟ್ಟಿಗೆ ಕಡಿಮೆ. ಮೇಲೆ ಹಾರುವ ಗರುಡವನ್ನು ಬೆಳ್ಳಗಿನ ಆಕಾಶದೆದುರು ನೋಡಿದರೆ ರೆಕ್ಕೆಯ ತುದಿಗರಿಗಳು ಒಂದೊಂದಾಗಿ ಬಿಡಿಸಿ ಕಾಣುತ್ತವೆ. ಆದರೆ ಅಗಲ 112 ಮೀಟರ್ ಮಾತ್ರ. ಹೆಚ್ಚು ದುಡ್ಡು ಕೊಟ್ಟು ಪಿ3ಗಿಂತ ಕಿರಿದಾದ ಕಿಟಕಿ ತಂದಂತೆ. ನಿಂತ ಹಕ್ಕಿಗೆ ಇದು ಎತ್ತಿದ ಕೈ; ಎಲೆ ಮರೆಯಲ್ಲಿ ಒಂದು ಕಡೆ ನಿಲ್ಲದ ಉಲಿಯಕ್ಕಿಗೆ, ಓಡುವ ಕೋಣಕ್ಕೆ ಹಿಂದೆ.

ಎಂ7 ಈ ಎರಡನ್ನೂ ಸೇರಿಸುತ್ತದೆ: ಇಡಿ ಗಾಜು, 145 ಮೀಟರ್ ಅಗಲ, ಹೊರಗಾಜಿಗೆ ನೀರು, ಜಿಡ್ಡು ಅಂಟದ ಲೇಪನ. ಮಳೆಹನಿ ಬಿದ್ದರೆ ಹರಡದೆ ಉಂಡೆಯಾಗಿ ಜಾರುತ್ತದೆ. ಕೆಸರ ನೀರು ಚಿಮ್ಮುವಲ್ಲಿ ಈ ಲೇಪನದ ಬೆಲೆ ಗೊತ್ತಾಗುತ್ತದೆ. ತೂಕ 670 ಗ್ರಾಂ. ವಾರಕ್ಕೆ ಎರಡು ದಿನವಾದರೂ ಹೊರಗೆ ಹೋಗುವವರಾದರೆ ಎಂ5ಕ್ಕೆ ನಿಲ್ಲದೆ ಒಂದು ವರ್ಷ ಕಾದು ಎಂ7 ಕೊಳ್ಳುವುದು ಲೇಸು. ಎರಡೂ ಮೊನಾರ್ಕ್‌ಗಳು 2.5 ಮೀಟರ್ ಹತ್ತಿರದವರೆಗೂ ಫೋಕಸ್ ಆಗುತ್ತವೆ. ಬೆಳುವಾಯಿಯ ಚಿಟ್ಟೆ ಪಾರ್ಕಿಗೆ ಹೋಗುವವರಿಗೆ ಇದು ದೊಡ್ಡ ವಿಷಯ. ಹತ್ತಿರದ ಫೋಕಸ್ಸೇ ಮುಖ್ಯವಾದರೆ ವೋರ್ಟೆಕ್ಸ್ ಡೈಮಂಡ್‌ಬ್ಯಾಕ್ ಎಚ್‌ಡಿ 8×42 ನೋಡಬಹುದು, ಅದು ಒಂದೂವರೆ ಮೀಟರಿಗೆ ಇಳಿಯುತ್ತದೆ.

ಹಾಗಾದರೆ 10×42 ಯಾರಿಗೆ? ಇಳಿತದ ಹೊತ್ತಿಗೆ ನೇತ್ರಾವತಿಯ ಕೆಸರು ದಿಣ್ಣೆ, ತಣ್ಣೀರುಬಾವಿಯ ಮರಳು, ಕೋಡಿಬೆಂಗ್ರೆಯ ಅಳಿವೆ ಬಾಗಿಲು ಇಂಥಲ್ಲೇ ಹೆಚ್ಚು ದಿನ ಕಳೆಯುವವರಿಗೆ. ಅಲ್ಲಿ ಹಕ್ಕಿ ನೂರು, ನೂರೈವತ್ತು ಮೀಟರಿಗಿಂತ ಹತ್ತಿರ ಬಿಡುವುದಿಲ್ಲ. ದಡದ ಹಕ್ಕಿಗಳಾದ ದೊಡ್ಡ, ಸಣ್ಣ ಸ್ಯಾಂಡ್ ಪ್ಲವರುಗಳನ್ನು ಬೇರ್ಪಡಿಸುವುದು ಕೊಕ್ಕಿನ ಉದ್ದ, ಕಾಲಿನ ಉದ್ದದ ಮೇಲೆ. ಅಷ್ಟು ದೂರದಲ್ಲಿ ಎಂಟು ಪಟ್ಟು ಸೋಲುತ್ತದೆ. ಹತ್ತೂ ಅನೇಕ ಸಲ ಸೋಲುತ್ತದೆ, ಅದು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ನೋಡುವ ಒಂಟಿ ಕೊಳವೆಯ ಸ್ಪಾಟಿಂಗ್ ಸ್ಕೋಪಿನ ಕೆಲಸ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ದೋಣಿಯಲ್ಲಿ ಮಾತ್ರ ಹತ್ತು ಪಟ್ಟನ್ನು ಕಣ್ಣಿಗೆ ಹಿಡಿಯದಿರುವುದೇ ಒಳ್ಳೆಯದು. ಅಲೆಯ ಕುಲುಕಾಟಕ್ಕೆ ದಿಗಂತ ಮೇಲೆ ಕೆಳಗೆ ಕುಣಿದು ಎರಡೇ ನಿಮಿಷಕ್ಕೆ ಹೊಟ್ಟೆ ತೊಳಸುತ್ತದೆ. ನಡುಕ ತಡೆಯುವ ಕ್ಯಾನನ್ 10×30 ಐಎಸ್ 2 ಇದೆ, ಎರಡು ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುತ್ತದೆ, ಗುಂಡಿ ಒತ್ತಿದರೆ ಚಿತ್ರ ಗಕ್ಕನೆ ನಿಲ್ಲುತ್ತದೆ. ಆದರೆ ಅದಕ್ಕೂ ನೀರು ಆಗದು.

ಕನ್ನಡಕ ಹಾಕುವವರು ಬೇರೆಲ್ಲದಕ್ಕಿಂತ ಮೊದಲು ಐ ರಿಲೀಫ್ ನೋಡಬೇಕು. ಐಪೀಸಿನಿಂದ (ಕಣ್ಣಿಡುವ ಕಡೆಯ ಗಾಜಿನಿಂದ) ಕಣ್ಣು ಎಷ್ಟು ದೂರವಿದ್ದರೂ ಪೂರ್ತಿ ನೋಟ ಸಿಗುತ್ತದೆ ಎಂಬ ಅಳತೆ ಅದು. 16 ಮಿ.ಮೀ.ಗಿಂತ ಕಡಿಮೆ ಇದ್ದರೆ ಕನ್ನಡಕದ ಗಾಜು ಅಡ್ಡ ಬಂದು ಸುತ್ತಲಿನ ಅಂಚು ಕತ್ತರಿಸಿ ಹೋಗುತ್ತದೆ. ಅಕ್ಯುಲಾನಿಗೆ 12, ಎಂ7ಕ್ಕೆ 17.1, ಎಂ5ಕ್ಕೆ 19.5, ಪಿ3ಗೆ 20.2. ಪಿ3 ಇಲ್ಲಿ ದುಬಾರಿಯವನ್ನೂ ಮೀರಿಸುತ್ತದೆ. ಕನ್ನಡಕದವರು ಐಪೀಸಿನ ಸುತ್ತಲಿನ ಬಳೆಯನ್ನು, ಅಂದರೆ ಐಕಪ್ಪನ್ನು, ಪೂರ್ತಿ ಒಳಗೆ ತಿರುಗಿಸಬೇಕು, ಇಲ್ಲದವರು ಹೊರಗೆ. ಇಲ್ಲದವರು ಒಳಗೇ ಬಿಟ್ಟರೆ ನೋಟದಲ್ಲಿ ಹುರುಳಿಕಾಳಿನಾಕಾರದ ಕಪ್ಪು ನೆರಳುಗಳು ಓಡಾಡುತ್ತವೆ. ದುರ್ಬೀನು ಸರಿಯಿಲ್ಲ ಎಂದು ಹಿಂದಿರುಗಿಸುವವರಲ್ಲಿ ಹಲವರ ತಾಪತ್ರಯ ಇಷ್ಟೇ.

ಪೆಟ್ಟಿಗೆಯ ಮೇಲಿನ ಪದಗಳಲ್ಲಿ ಮೂರನ್ನು ಮಾತ್ರ ಹುಡುಕಿ. ‘ಫುಲ್ಲಿ ಮಲ್ಟಿಕೋಟೆಡ್’: ಲೇಪನವಿಲ್ಲದ ಗಾಜಿನ ಪ್ರತಿ ಮುಖದಲ್ಲೂ ಸುಮಾರು 4 ಶೇಕಡಾ ಬೆಳಕು ಹಿಂದಿರುಗುತ್ತದೆ, ದುರ್ಬೀನಿನೊಳಗೆ ಇಂಥ ಮುಖಗಳು ಹತ್ತಕ್ಕಿಂತ ಹೆಚ್ಚು. ಬರೀ ‘ಕೋಟೆಡ್’ ಎಂದಿದ್ದರೆ ಒಂದೆರಡು ಮುಖಕ್ಕೆ ಬಳಿದಿರಬಹುದು ಅಷ್ಟೆ. ‘ಬಿಎಕೆ4’: ಪ್ರಿಸಮ್ಮಿನ ಗಾಜು. ಅಗ್ಗದ ಬಿಕೆ7 ಇದ್ದರೆ ಬೆಳಕಿನ ಬಿಲ್ಲೆ ದುಂಡಗಿರದೆ ಅಂಚು ಕತ್ತರಿಸಿದಂತೆ ಚೌಕವಾಗಿ ಕಾಣುತ್ತದೆ. ರೂಫ್ ಪ್ರಿಸಮ್ಮಿಗೆ ‘ಫೇಸ್ (phase) ಕೋಟಿಂಗ್’ ಕೂಡ ಬೇಕು, ಇಲ್ಲದಿದ್ದರೆ ಗರಿಯ ಸಣ್ಣ ಗೆರೆಗಳು ಮಸುಕು. ಪೋರೊಗೆ ಇದರ ಅಗತ್ಯವಿಲ್ಲ. ಹಾಗಾಗಿಯೇ ಅದೇ ದುಡ್ಡಿಗೆ ಪೋರೊ ಹೆಚ್ಚು ಚೂಪು.

ಮುಂದಿನ ಗಾಜು ಮಾಣಿಕ್ಯದಂತೆ ಕೆಂಪಗೆ ಹೊಳೆಯುವುದನ್ನು ಮುಟ್ಟಬೇಡಿ. ಕೆಂಪು ಬೆಳಕನ್ನು ಹೊರಗೇ ತಳ್ಳಿಬಿಡುವುದರಿಂದ ಒಳಗೆ ಎಲ್ಲವೂ ಹಸಿರು ಛಾಯೆ. ಜಾತ್ರೆಯಲ್ಲಿ, ಬೀಚ್ ಬದಿಯಲ್ಲಿ, ಆನ್‌ಲೈನಿನಲ್ಲಿ ಸಿಗುವ ‘30×60’ಗಳ ಅಸಲಿಯತ್ತು ಒಂದು ಸ್ಕೇಲಿನಿಂದ ಬಯಲಾಗುತ್ತದೆ. ಮುಂದಿನ ಗಾಜಿನ ವ್ಯಾಸ ಅಳೆಯಿರಿ. ಆಮೇಲೆ ಕಣ್ಣಿನಿಂದ ಒಂದು ಅಡಿ ದೂರ ಹಿಡಿದು ಆಕಾಶದತ್ತ ತಿರುಗಿಸಿ, ಐಪೀಸಿನಲ್ಲಿ ಕಾಣುವ ಬೆಳಕಿನ ಬಿಲ್ಲೆ ಅಳೆಯಿರಿ. ಗಾಜು 22 ಮಿ.ಮೀ., ಬಿಲ್ಲೆ ಎರಡೂಮುಕ್ಕಾಲು ಇದ್ದರೆ ಅದು 8×22, ಮೇಲೆ ಏನೇ ಬರೆದಿರಲಿ. 10ರಿಂದ 30ಕ್ಕೆ ಜೂಮ್ ಆಗುವವೂ ಬೇಡ: 50 ಮಿ.ಮೀ. ಗಾಜಿದ್ದರೂ ಮೂವತ್ತಕ್ಕೆ ಒಯ್ದರೆ ಬಿಲ್ಲೆ 1.7 ಮಿ.ಮೀ.ಗೆ ಇಳಿದು ಕತ್ತಲೆ, ಜೊತೆಗೆ ಎರಡು ಕೊಳವೆಗಳ ಜೂಮ್ ಸಮನಾಗಿ ಓಡದೆ ತಲೆನೋವು.

ಅಂಗಡಿಯೊಳಗಿನ ಟ್ಯೂಬ್‌ಲೈಟಿನಲ್ಲಿ ನೋಡಿ ಒಪ್ಪಬೇಡಿ. ಬಾಗಿಲಿಗೆ ತನ್ನಿ. ಹಂಪನಕಟ್ಟೆಯಾದರೆ ಗಡಿಯಾರ ಗೋಪುರ ಇದೆ, ಉಡುಪಿಯಾದರೆ ಯಾವುದಾದರೂ ದೂರದ ಬೋರ್ಡು ಸಾಕು. ಅಕ್ಷರಗಳು ನಡುವಿನಿಂದ ಎಷ್ಟು ಅಂಚಿನವರೆಗೆ ಚೂಪಾಗಿ ಉಳಿಯುತ್ತವೆ ನೋಡಿ. ಮುಕ್ಕಾಲು ಭಾಗ ಉಳಿದರೆ ಒಳ್ಳೆಯದು. ದೂರದ ಕರೆಂಟಿನ ತಂತಿಯೊಂದು ನೋಟದಲ್ಲಿ ಅಡ್ಡಕ್ಕೆ ಬರುವಂತೆ ನೋಡುತ್ತ ದುರ್ಬೀನನ್ನು ನಿಧಾನ ಕಣ್ಣಿನಿಂದ ಹತ್ತು ಸೆಂಟಿಮೀಟರ್ ಹಿಂದಕ್ಕೆ ತನ್ನಿ. ಎಡ ಬಲದ ತಂತಿ ಒಂದೇ ಮಟ್ಟದಲ್ಲಿರಬೇಕು. ಒಂದು ಮೇಲೆ, ಒಂದು ಕೆಳಗೆ ಬಂದರೆ ಪ್ರಿಸಮ್ ಸರಿದಿದೆ. ಕಣ್ಣು ಸ್ವಲ್ಪ ಹೊತ್ತು ಹೊಂದಿಸಿಕೊಂಡೀತು, ಹತ್ತು ನಿಮಿಷದಲ್ಲಿ ಹಣೆ ಸಿಡಿಯುತ್ತದೆ. ಬೀಳಿಸಿದ ಸೆಕೆಂಡ್ ಹ್ಯಾಂಡ್ ಮಾಲಿನ ಗುರುತೂ ಇದೇ. ಫೋಕಸ್ ಚಕ್ರ ಎಲ್ಲೂ ಸಡಿಲವಾಗದೆ, ಬಿಗಿಯೂ ಆಗದೆ ಒಂದೇ ಸಮ ತಿರುಗಬೇಕು.

ಮನೆಗೆ ತಂದ ಮೇಲೆ ಒಮ್ಮೆ ಕಣ್ಣಿಗೆ ಹೊಂದಿಸಬೇಕು. ನಡುವಿನ ಕೀಲು ಮಡಚಿ ಎರಡು ವೃತ್ತ ಒಂದಾಗುವಂತೆ ಮಾಡಿ. ಬಲಗಡೆಯ ಮುಂದಿನ ಗಾಜಿಗೆ ಅಂಗೈ ಮುಚ್ಚಿ, ಎಡಗಣ್ಣಿಗೆ ದೂರದ ಬೋರ್ಡು ಚೂಪಾಗುವವರೆಗೆ ನಡುವಿನ ಚಕ್ರ ತಿರುಗಿಸಿ. ಆಮೇಲೆ ಎಡಗಡೆ ಮುಚ್ಚಿ, ನಡುಚಕ್ರ ಮುಟ್ಟದೆ, ಬಲ ಐಪೀಸಿನ ಡಯಾಪ್ಟರ್ ಬಳೆ ಮಾತ್ರ ತಿರುಗಿಸಿ. ಅದು ನಿಂತ ಗುರುತು ನೆನಪಿಟ್ಟುಕೊಳ್ಳಿ. ಚೀಲದೊಳಗೆ ತಿಕ್ಕಿ ತಿರುಗಿಹೋಗುವುದುಂಟು. ಹಕ್ಕಿ ಕಂಡಾಗ ತಲೆ ಬಗ್ಗಿಸಿ ದುರ್ಬೀನು ಹುಡುಕಬಾರದು. ನೋಟ ಹಕ್ಕಿಯ ಮೇಲೇ ಇರಲಿ, ದುರ್ಬೀನು ಕಣ್ಣಿಗೆ ಏರಿ ಬರಲಿ. ಕಾಪು ದೀಪಸ್ತಂಭದ ಬಂಡೆಯ ಮೇಲೆ ಸಂಜೆ ನಿಂತವರಿಗೆ ಒಂದು ಮಾತು: ಮುಳುಗುವ ಸೂರ್ಯ ಎಷ್ಟೇ ಕೆಂಪಗಿರಲಿ, ದುರ್ಬೀನು ಅತ್ತ ತಿರುಗಿಸಬೇಡಿ. ಕಣ್ಣು ಹೋಗಲು ಕ್ಷಣ ಸಾಕು, ಮಕ್ಕಳ ಕೈಯಲ್ಲಂತೂ ಕೊಡಲೇಬೇಡಿ.

ಇನ್ನು ಕರಾವಳಿಯ ನಿಜವಾದ ಶತ್ರು, ಫಂಗಸ್. ಗಾಳಿಯ ತೇವ 70 ಶೇಕಡಾ ದಾಟಿ, ಸೆಖೆ 25-30 ಡಿಗ್ರಿಯಲ್ಲಿ ನಿಂತರೆ ಗಾಜಿನ ಮೇಲಿನ ಧೂಳು, ಬೆರಳ ಜಿಡ್ಡನ್ನೇ ತಿಂದು ಬೆಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳ ಕಪಾಟು ಹೀಗೇ ಇರುತ್ತದೆ. ಅದು ಬಿಡುವ ಆಮ್ಲ ಲೇಪನವನ್ನು ಕೊರೆದರೆ ಫಂಗಸ್ ತೆಗೆದರೂ ಕಲೆ ಹೋಗದು. ಮೊಬೈಲ್ ಟಾರ್ಚನ್ನು ಮುಂದಿನ ಗಾಜಿಗೆ ಓರೆಯಾಗಿ ಹಿಡಿದು ಐಪೀಸ್ ಕಡೆಯಿಂದ ನೋಡಿ. ಜೇಡರ ಬಲೆಯ ಎಳೆಗಳಂತೆ ಕಂಡರೆ ಶುರುವಾಗಿದೆ. ಸಾರಜನಕ ತುಂಬಿದ ದುರ್ಬೀನಿನ ಒಳಗೆ ಇದು ಬರುವುದು ಅಪರೂಪ, ಹೊರಮೈಗೆ ಬಂದೇ ಬರುತ್ತದೆ. ವಾರಂಟಿಯಲ್ಲಿ ಸಾಮಾನ್ಯವಾಗಿ ಇದಕ್ಕೆ ಜಾಗವಿಲ್ಲ.

ಜೊತೆಗೆ ಕೊಟ್ಟ ಚೀಲದಲ್ಲಿಟ್ಟು ಗೋದ್ರೆಜ್ ಕಪಾಟಿಗೆ ಹಾಕುವುದು ಫಂಗಸ್ಸಿಗೆ ಮನೆ ಕಟ್ಟಿಕೊಟ್ಟಂತೆ. ಆ ಬಟ್ಟೆ ತೇವ ಹಿಡಿದಿಡುತ್ತದೆ. ಮುಚ್ಚಳಕ್ಕೆ ರಬ್ಬರಿನ ಅಂಚಿರುವ ಐದಾರು ಲೀಟರಿನ ಪ್ಲಾಸ್ಟಿಕ್ ಡಬ್ಬ, ನೂರು ಗ್ರಾಂ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ ಸಾಕು. ಮುಳ್ಳು 40-50 ಶೇಕಡಾ ತೋರಿಸುತ್ತಿರಲಿ. ಅಕ್ಕಿ ಹಾಕಿದರೆ ಧೂಳು ಸಿಗುತ್ತದೆ ಅಷ್ಟೆ, ನುಸಿಗುಳಿಗೆ ತೇವ ಹೀರುವುದಿಲ್ಲ. ಬಿಸಿಲಿಗೆ ಇಡುವುದು ಇನ್ನೂ ಅಪಾಯ. ಗಾಜು ಸೂರ್ಯನ ಬೆಳಕನ್ನು ಒಂದೆಡೆ ಕೂಡಿಸಿ ಒಳಭಾಗವನ್ನೇ ಸುಡಬಹುದು.

ಏಸಿ ಕಾರಿನಿಂದ ಇಳಿದೊಡನೆ ಹೊರಗಾಜು ಮಂಜಾಗುತ್ತದೆ. ಒರೆಸಬೇಡಿ, ಹತ್ತು ಹದಿನೈದು ನಿಮಿಷ ಬಿಡಿ, ತಾನಾಗಿ ಹೋಗುತ್ತದೆ. ಹೋಗದೆ ಒಳಗೇ ನಿಂತರೆ ಸೀಲು ಬಿಟ್ಟಿದೆ. ಕಡಲ ಗಾಳಿಗೆ ಒಡ್ಡಿದ ದಿನ ಉಪ್ಪಿನ ಹರಳು ಗಾಜಿನ ಮೇಲೆ ಕುಳಿತಿರುತ್ತದೆ, ಲುಂಗಿಯ ಅಂಚಿನಿಂದ ತಿಕ್ಕಿದರೆ ಮರಳುಕಾಗದ ಉಜ್ಜಿದಂತೆ. ಮೊದಲು ಬ್ಲೋವರಿನಿಂದ ಊದಿ, ಮೆತ್ತನೆ ಬ್ರಷ್ ಆಡಿಸಿ, ಆಮೇಲೆ ಲೆನ್ಸ್ ದ್ರವ ಹಚ್ಚಿದ ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ ಸುತ್ತುತ್ತ ಒರೆಸಿ. ಕಂಬಳದ ಕೆಸರು ಹಾರಿದ್ದರೆ, ನೀರು ತಡೆಯುವ ಮಾದರಿಯಾದರೆ ಮಾತ್ರ, ಒಂದು ಲೋಟ ಸಿಹಿನೀರನ್ನು ಮೇಲಿನಿಂದ ಸುರಿದು ಕೆಸರು ಇಳಿದ ಮೇಲೆಯೇ ಬಟ್ಟೆ ಮುಟ್ಟಿಸಿ. ಮೈಯ ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ ಡಬ್ಬಕ್ಕೆ ಹಾಕಿ. ಬೆವರು ಹೀರಿದ ಪಟ್ಟಿಯನ್ನು ಬಿಚ್ಚಿ ಹೊರಗೇ ಇಡಿ, ಡಬ್ಬದ ಜೆಲ್ಲನ್ನೆಲ್ಲ ಅದೇ ಕುಡಿದುಬಿಡುತ್ತದೆ.

ಜೆಲ್ಲಿನ ನೀಲಿ ಗುಲಾಬಿಯಾದರೆ, ಅಥವಾ ಕಿತ್ತಳೆ ಹಸಿರಾದರೆ, ಹೊಟ್ಟೆ ತುಂಬಿದೆ ಎಂದರ್ಥ. ಓವನ್ನಿನಲ್ಲಿ 110-120 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಬಣ್ಣ ಮರಳುತ್ತದೆ. ಜೋರು ಮಳೆಯ ಆಟಿ ತಿಂಗಳಲ್ಲಿ ಹದಿನೈದು ದಿನಕ್ಕೊಮ್ಮೆ ಮಾಡಬೇಕಾಗಬಹುದು. ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಇರುವುದರಿಂದ ದೋಸೆ ಕಾವಲಿಯ ಮೇಲೆ ಹುರಿಯಬೇಡಿ, ಅದಕ್ಕೊಂದು ಹಳೇ ಬಾಣಲೆ ಬೇರೆ ಇಟ್ಟುಕೊಳ್ಳಿ.